ಕಡಲಾಚೆಯ ಗಡೀಪಾರು

ಅಪರಾಧಿಯನ್ನು ಹಡಗೇರಿಸಿ ದೂರದ ವಸಾಹತಿಗೆ ಸಾಗಿಸಿ, ಅಲ್ಲಿ ಇಂತಿಷ್ಟು ವರ್ಷ ಇಲ್ಲವೇ ಸಾಯುವವರೆಗೆ ದುಡಿಸಿಕೊಳ್ಳುತ್ತಿದ್ದ ಬ್ರಿಟಿಷ್ ದಂಡನೆ. ಕನ್ನಡದಲ್ಲಿ ಇದು ಕರಿನೀರಿನ ಶಿಕ್ಷೆ ಎಂದು ಪರಿಚಿತ. ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಅಂಡಮಾನಿನ ಸೆಲ್ಯುಲರ್ ಜೈಲು ಮತ್ತು ಅಲ್ಲಿ ಕೊಳೆತ ಕ್ರಾಂತಿಕಾರಿಗಳು. ಆ ಜೈಲಿನ ಕಟ್ಟಡ ಮುಗಿದದ್ದು 1906ರಲ್ಲಿ. ಅಷ್ಟು ಹೊತ್ತಿಗೆ ಈ ಶಿಕ್ಷೆ ಎರಡು ಶತಮಾನಕ್ಕೂ ಹೆಚ್ಚು ಹಳೆಯದಾಗಿತ್ತು, ಬ್ರಿಟನ್ನಿನಿಂದ ಅದಕ್ಕೆ ಗುರಿಯಾಗಿ ಹೋದವರಲ್ಲಿ ಹೆಚ್ಚಿನವರು ಬಡ ಕಳ್ಳರು. ಅವರ ಕಡೆಯಿಂದ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಯಾರು ಎಲ್ಲಿಗೆ, ಎಷ್ಟು ಕಾಲ ಹೋಗಬೇಕೆಂಬುದನ್ನು ನಿರ್ಧರಿಸಿದ್ದು ಅವರ ತಪ್ಪಿಗಿಂತ ಹೆಚ್ಚಾಗಿ ಸಾಮ್ರಾಜ್ಯದ ಅಗತ್ಯ.

ಲಂಡನ್ನಿನ ಜಾನ್ ಹಡ್ಸನ್ ಎಂಬ ಬಾಲಕನ ಪ್ರಕರಣ ಇದಕ್ಕೆ ಒಳ್ಳೆಯ ಸಾಕ್ಷಿ. ತಂದೆತಾಯಿಯಿಲ್ಲದ, ಹೊಗೆಗೊಳವೆ ಗುಡಿಸುವ ಕೆಲಸ ಮಾಡಿದ್ದ ಈ ಹುಡುಗ 1783ರಲ್ಲಿ ಒಂದು ಮನೆಗೆ ನುಗ್ಗಿ ಅಂಗಿ, ರೇಷ್ಮೆ ಕಾಲುಚೀಲ, ಪಿಸ್ತೂಲು ಕದ್ದನೆಂದು ಓಲ್ಡ್ ಬೇಲಿ ನ್ಯಾಯಾಲಯದ ಮುಂದೆ ನಿಂತಾಗ ಅವನಿಗೆ ಒಂಬತ್ತು ವರ್ಷ. ರಾತ್ರಿ ಕನ್ನ ಹಾಕಿದ ಅಪರಾಧ ರುಜುವಾಗಿದ್ದರೆ ನೇಣು. ಜ್ಯೂರಿ ಅದನ್ನು ಬಿಟ್ಟು ಬರಿಯ ಕಳ್ಳತನವನ್ನಷ್ಟೇ ಒಪ್ಪಿತು, ಏಳು ವರ್ಷದ ಗಡೀಪಾರಾಯಿತು. ನೇಣಿಗೆ ಬದಲಾಗಿ ಬಂದದ್ದರಿಂದ ಈ ಶಿಕ್ಷೆ ಕರುಣೆಯೇ ಎಂಬ ವಾದ ಅಂದಿನಿಂದಲೂ ಇದೆ. ಜ್ಯೂರಿಯವರ ಕರುಣೆಯನ್ನು ಅಲ್ಲಗಳೆಯಬೇಕಿಲ್ಲ. ಆದರೆ ನಂತರ ನಡೆದದ್ದನ್ನು ನೋಡಬೇಕು. ಅಮೆರಿಕಕ್ಕೆಂದು ಅವನನ್ನು ಹತ್ತಿಸಿದ ಮರ್ಕ್ಯುರಿ ಹಡಗಿನಲ್ಲಿ ಕೈದಿಗಳು ದಂಗೆಯೆದ್ದರು; ಮತ್ತೆ ಸಿಕ್ಕಿಬಿದ್ದವನು ಪ್ಲಿಮತ್ತಿನ ಸೆರೆಹಡಗಿನಲ್ಲಿ ಉಳಿದ; 1787ರಲ್ಲಿ ಮೊದಲ ನೌಕಾತಂಡದೊಂದಿಗೆ ಆಸ್ಟ್ರೇಲಿಯಾಕ್ಕೆ ಹೊರಟ. ತೀರ್ಪಿನ ದಿನ ಅಲ್ಲಿ ವಸಾಹತೇ ಇರಲಿಲ್ಲ. ಲೆಕ್ಕದಂತೆ 1790ರ ಡಿಸೆಂಬರಿಗೆ ಅವನ ಏಳು ವರ್ಷ ಮುಗಿಯಬೇಕಿತ್ತು. ಆದರೂ 1791ರಲ್ಲಿ, ರಾತ್ರಿ ಹೊತ್ತು ಮೀರಿ ಗುಡಿಸಲ ಹೊರಗಿದ್ದನೆಂದು ಅದೇ ವಸಾಹತಿಗೆ ಸೇರಿದ ನಾರ್ಫಕ್ ದ್ವೀಪದಲ್ಲಿ ಅವನಿಗೆ 50 ಚಾವಟಿಯೇಟು ಬಿತ್ತು. ಇದನ್ನು ಕರುಣೆಯೆನ್ನಲು ನನಗೆ ಸಾಧ್ಯವಾಗುವುದಿಲ್ಲ.

ದಾರಿ ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ತಿರುಗಿದ ಕಾರಣ ಯುದ್ಧ. 1718ರ ಕಾಯಿದೆಯ ನಂತರ ಸುಮಾರು 50,000 ಕೈದಿಗಳನ್ನು ಕೊಂಡ ಅಮೆರಿಕದ ವಸಾಹತುಗಳು ಸ್ವತಂತ್ರವಾದವು. ಯಾರ್ಕ್‌ಟೌನಿನಲ್ಲಿ 1781ರ ಅಕ್ಟೋಬರಿನಲ್ಲಿ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್. ಸರಿಯಾಗಿ ಹತ್ತು ವರ್ಷದ ನಂತರ, 1791ರ ಅಕ್ಟೋಬರಿನಲ್ಲಿ, ಚಿಕ್ಕಬಳ್ಳಾಪುರದ ಪಕ್ಕದ ನಂದಿದುರ್ಗವನ್ನು ಟಿಪ್ಪುವಿನಿಂದ ಕಿತ್ತುಕೊಂಡದ್ದೂ ಅವನದೇ ಸೈನ್ಯ. ಅವನು ಗವರ್ನರ್ ಜನರಲ್ ಆಗಿದ್ದಾಗಲೇ ಭಾರತೀಯ ಕೈದಿಗಳು ಸುಮಾತ್ರಾದ ಬೆಂಕೂಲನ್ನಿಗೆ ಹೋಗತೊಡಗಿದರು, ಅಂಡಮಾನಿನಲ್ಲಿ ಮೊದಲ ನೆಲೆ ಎದ್ದಿತು. ಮುಂದೆ ಪಿನಾಂಗ್, ಮಾರಿಷಸ್, ಸಿಂಗಾಪುರ, ಬರ್ಮಾ: ರಸ್ತೆ ಕಡಿಯಲು, ಜೌಗು ಬತ್ತಿಸಲು, ಕಟ್ಟಡ ಏಳಿಸಲು ಎಲ್ಲೆಲ್ಲಿ ಆಳು ಬೇಕಾಯಿತೋ ಅಲ್ಲಲ್ಲಿಗೆ ಹಡಗುಗಳು ಹೋದವು. ಸಿಂಗಾಪುರದ ಸೇಂಟ್ ಆಂಡ್ರ್ಯೂಸ್ ಕೆಥೆಡ್ರಲ್ ಕಟ್ಟಿದ್ದು ಭಾರತದ ಕೈದಿಗಳು. 1857ರ ದಂಗೆ ಜೈಲುಗಳನ್ನು ತುಂಬಿಸಿದಾಗ, 1858ರ ಮಾರ್ಚಿನಲ್ಲಿ, ಬಿಟ್ಟುಹೋಗಿದ್ದ ಅಂಡಮಾನ್ ಮತ್ತೆ ತೆರೆಯಿತು.

ಭಾರತದಿಂದ ಕೊಲೆಗಾರರೂ ದರೋಡೆಕೋರರೂ ಹೋದರೇ ಹೊರತು ಅಂಗಿ ಕದ್ದವರಲ್ಲ ಎಂಬ ಆಕ್ಷೇಪ ತೂಕವುಳ್ಳದ್ದು. 1860ರ ಭಾರತೀಯ ದಂಡಸಂಹಿತೆಯಲ್ಲಿ ಸಾದಾ ಕಳ್ಳತನಕ್ಕೆ ಹೆಚ್ಚೆಂದರೆ ಮೂರು ವರ್ಷ ಸೆರೆ, ಗಡೀಪಾರಿಲ್ಲ. ಆದರೆ ಅದೇ ಸಂಹಿತೆಯ 75ನೇ ಕಲಮು ಓದಿದರೆ ಚಿತ್ರ ಬದಲಾಗುತ್ತದೆ: ಹಿಂದೊಮ್ಮೆ ಅಂಥ ಅಪರಾಧಕ್ಕೆ ಶಿಕ್ಷೆಯಾದವನು ಮತ್ತೆ ಕದ್ದರೆ ಜೀವಾವಧಿ ಗಡೀಪಾರು ಮಾಡಬಹುದಿತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಆಗ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿದ್ದವು, 1831ರಿಂದ 1881ರವರೆಗೆ ಮೈಸೂರನ್ನು ಆಳಿದವರು ಬ್ರಿಟಿಷ್ ಕಮಿಷನರುಗಳು. ಆ ದಂಡಸಂಹಿತೆ ಇಲ್ಲಿಗೂ ಬಂತು. ಬರಗಾಲದಲ್ಲಿ ಎರಡನೆಯ ಸಲ ಧಾನ್ಯ ಕದ್ದ ಕೂಲಿಯವನೂ ಕಾನೂನಿನ ಕಣ್ಣಿಗೆ ಕಡಲು ದಾಟಬಲ್ಲ ಅಪರಾಧಿಯೇ. ಇದರ ಎದುರಿಗೆ ಸುರಪುರದ ದೊರೆ ವೆಂಕಟಪ್ಪ ನಾಯಕನ ಪ್ರಕರಣವನ್ನಿಡಬೇಕು. 1858ರಲ್ಲಿ ಬಂಡೆದ್ದ ಅವನಿಗೆ ವಿಧಿಸಿದ ಮರಣದಂಡನೆ ಜೀವಾವಧಿ ಗಡೀಪಾರಾಯಿತು, ಅದೂ ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಸೆರೆಗೆ ಒಯ್ಯುವಾಗ ದಾರಿಯಲ್ಲಿ ಗುಂಡೇಟಿನಿಂದ ಅವನು ಸತ್ತ. ಅವನ ಹೋರಾಟದ ಘನತೆ ಇದರಿಂದ ಕುಗ್ಗುವುದಿಲ್ಲ. ಶಿಕ್ಷೆಯನ್ನು ಹಿಗ್ಗಿಸಿ ಕುಗ್ಗಿಸುವಾಗ ಸರ್ಕಾರ ರಾಜಕೀಯವನ್ನು ನೋಡುತ್ತಿತ್ತೆಂಬುದು ಮಾತ್ರ ಇಲ್ಲಿ ನಿಚ್ಚಳ.

ಹೋದವರು ಉದ್ಧಾರವಾದರು ಎನ್ನುವವರು ಮೇರಿ ರೀಬಿಯನ್ನು ತೋರಿಸುತ್ತಾರೆ. ಕುದುರೆ ಕದ್ದು ಹದಿಹರೆಯದಲ್ಲೇ ಗಡೀಪಾರಾದ ಆಕೆ ಸಿಡ್ನಿಯ ದೊಡ್ಡ ವ್ಯಾಪಾರಿಯಾದಳು, ಇಂದು ಆಸ್ಟ್ರೇಲಿಯಾದ 20 ಡಾಲರ್ ನೋಟಿನಲ್ಲಿದ್ದಾಳೆ. 1788ರಿಂದ 1868ರವರೆಗೆ ಆ ಖಂಡಕ್ಕೆ ಹೋದವರು ಸುಮಾರು 1,62,000. ಒಬ್ಬಾಕೆಯ ಏಳಿಗೆಯಿಂದ ಅಷ್ಟು ಜನರ ಬದುಕನ್ನು ಅಳೆಯಲಾಗದು. ಅವರಿಗೆ ಹಂಚಿದ ನೆಲವೂ ಅಲ್ಲಿನ ಮೂಲನಿವಾಸಿಗಳಿಂದ ಕಸಿದದ್ದು. ಭಾರತದ ಕಾನೂನಿನಿಂದ ಗಡೀಪಾರು ಅಳಿದದ್ದು 1955ರ ತಿದ್ದುಪಡಿಯಿಂದ, ಅದರ ಜಾಗಕ್ಕೆ ಜೀವಾವಧಿ ಸೆರೆವಾಸ ಬಂತು. ಮತ್ತೆ ಕದ್ದವನಿಗೆ ಜೀವಾವಧಿ ವಿಧಿಸಬಹುದಾದ ಆ ನಿಯಮ 2024ರ ಜುಲೈಯಲ್ಲಿ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 13ನೇ ಕಲಮಾಗಿ ಇಂದಿಗೂ ಇದೆ.