ಕುದುರೆ ಒಲ್ಲದ ದಂಡನಾಯಕ

ಜಾನ್ ಫೋರ್ಡ್ ನಿರ್ದೇಶನದ ‘ದಿ ಹಾರ್ಸ್ ಸೋಲ್ಜರ್ಸ್’ (1959) ಚಿತ್ರದಲ್ಲಿ ಜಾನ್ ವೇನ್ ರೈಲ್ವೆ ಎಂಜಿನಿಯರ್ ಆಗಿದ್ದ ಕರ್ನಲ್. ಆ ಕಥೆಗೆ ಮೂಲವಾದ ಕರ್ನಲ್ ಬೆಂಜಮಿನ್ ಗ್ರಿಯರ್ಸನ್ ಸಂಗೀತದ ಮೇಷ್ಟರು. ಬಾಲ್ಯದಲ್ಲಿ ಕುದುರೆಯಿಂದ ಒದೆಸಿಕೊಂಡು, ಆ ಪ್ರಾಣಿಯೆಂದರೇ ಒಲ್ಲೆ ಎನ್ನುತ್ತಿದ್ದವರು.

ಅದು ಅಮೆರಿಕದ ಅಂತರ್ಯುದ್ಧದ ಕಾಲ. ಮಿಸಿಸಿಪ್ಪಿ ನದಿಯ ದಂಡೆಯ ವಿಕ್ಸ್‌ಬರ್ಗ್ ದಕ್ಷಿಣದವರ ಕೈಯಲ್ಲಿತ್ತು. ಅದನ್ನು ಹಿಡಿಯಲು ಹೊರಟ ಜನರಲ್ ಗ್ರಾಂಟ್‌ಗೆ ಶತ್ರುವಿನ ಗಮನ ಬೇರೆಡೆ ಹರಿಯಬೇಕಿತ್ತು. 1863ರ ಏಪ್ರಿಲ್ 17ರಂದು ಗ್ರಿಯರ್ಸನ್ 1,700 ಸವಾರರೊಂದಿಗೆ ಟೆನೆಸ್ಸಿಯ ಲಾ ಗ್ರೇಂಜ್‌ನಿಂದ ಹೊರಟರು. ಸಣ್ಣ ತುಕಡಿಗಳನ್ನು ಬೇರೆ ದಿಕ್ಕಿಗೆ ಕಳಿಸಿ ಬೆನ್ನಟ್ಟುವವರ ದಾರಿ ತಪ್ಪಿಸಿದರು. ನ್ಯೂಟನ್ ಸ್ಟೇಷನ್‌ನಲ್ಲಿ ರೈಲು ಹಳಿ ಕಿತ್ತರು. 16 ದಿನಗಳಲ್ಲಿ ಸುಮಾರು 600 ಮೈಲಿ ಕ್ರಮಿಸಿ ಮೇ 2ರಂದು ಬ್ಯಾಟನ್ ರೂಜ್ ಸೇರಿದಾಗ ಸತ್ತವರು ಮೂವರೇ. ಅಷ್ಟರಲ್ಲಿ ಗ್ರಾಂಟ್ ನದಿ ದಾಟಿಯಾಗಿತ್ತು. ಜುಲೈ 4ರಂದು ವಿಕ್ಸ್‌ಬರ್ಗ್ ಶರಣಾಯಿತು.

ಚಿತ್ರದಲ್ಲಿ ಸೈನಿಕ ಶಾಲೆಯ ಬಾಲಕರು ಯುದ್ಧಕ್ಕೆ ಬರುವ ದೃಶ್ಯ ನಗೆಯಲ್ಲಿ ಮುಗಿಯುತ್ತದೆ. ಈ ದಾಳಿಯಲ್ಲಿ ಹಾಗೆ ನಡೆದಿರಲಿಲ್ಲ. 1864ರಲ್ಲಿ ವರ್ಜೀನಿಯಾದ ನ್ಯೂ ಮಾರ್ಕೆಟ್ ಕದನಕ್ಕೆ ಅಂಥ ವಿದ್ಯಾರ್ಥಿಗಳು ನಿಜವಾಗಿ ಇಳಿದಿದ್ದರು. ಹತ್ತು ಮಂದಿ ಮಡಿದರು.

ಚಿತ್ರೀಕರಣವೂ ಒಂದು ಜೀವ ತೆಗೆದುಕೊಂಡಿತು. ಸಾಹಸ ಕಲಾವಿದ ಫ್ರೆಡ್ ಕೆನಡಿ ಕುದುರೆಯಿಂದ ಬೀಳುವ ದೃಶ್ಯದಲ್ಲಿ ಕುತ್ತಿಗೆ ಮುರಿದು ಸತ್ತರು. ಮನಸ್ಸು ಮುರಿದ ಫೋರ್ಡ್ ಕೆಲಸವನ್ನು ಬೇಗನೆ ಮುಗಿಸಿದರು. ಹಾಗಾಗಿ ತೆರೆಯ ಮೇಲಿನ ಸವಾರರು ಬ್ಯಾಟನ್ ರೂಜ್ ತಲುಪುವುದನ್ನು ನಾವು ಕಾಣುವುದೇ ಇಲ್ಲ.