ಎದುರಾಳಿಗಳೇ ಗುರುಗಳಾದ ಕಸುಬು

ಒಂದೇ ಬೀದಿಯ ಇಬ್ಬರು ವ್ಯಾಪಾರಿಗಳು ವ್ಯವಹಾರದ ಗುಟ್ಟನ್ನು ಪರಸ್ಪರ ಬಿಟ್ಟುಕೊಡುವುದಿಲ್ಲ. ಆದರೆ ಅಂತರ್ಜಾಲದ ಹುಡುಕಾಟದಲ್ಲಿ ಗಿರಾಕಿಯ ಜಾಲತಾಣವನ್ನು ಮೊದಲ ಸಾಲಿಗೆ ತರುವ ಕಸುಬು ಬೆಳೆದದ್ದೇ ಎದುರಾಳಿಗಳ ಮಾತುಕತೆಯಿಂದ.

ಇದಕ್ಕೆ ಕಾರಣವಿದೆ. ಯಾವ ಪುಟ ಮೊದಲು, ಯಾವುದು ನಂತರ ಎಂಬ ನಿಯಮಗಳನ್ನು ಸರ್ಚ್ ಎಂಜಿನ್‌ಗಳು ಪೂರ್ತಿಯಾಗಿ ಬಹಿರಂಗಪಡಿಸುವುದಿಲ್ಲ. ಆಗಾಗ ಬದಲಿಸುತ್ತಲೂ ಇರುತ್ತವೆ. ಒಬ್ಬನಿಗೆ ಕಾಣುವುದು ತನ್ನ ತಾಣದ ಏರಿಳಿತ ಮಾತ್ರ. ಹತ್ತು ಜನರ ಅನುಭವ ಕೂಡಿದಾಗ ನಿಯಮದ ಜಾಡು ಸಿಗುತ್ತದೆ.

ಈ ಜಾಡು ಹಿಡಿದ ಮೊದಲಿಗರಲ್ಲಿ ಪತ್ರಕರ್ತ ಡ್ಯಾನಿ ಸಲಿವನ್ ಒಬ್ಬರು. ಸರ್ಚ್ ಎಂಜಿನ್‌ಗಳ ಕಾರ್ಯವಿಧಾನ ವಿವರಿಸುವ ಕೈಪಿಡಿಯನ್ನು ಅವರು 1996ರಲ್ಲಿ ಪ್ರಕಟಿಸಿದರು. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರ ಮುಂದಾಳತ್ವದ ಸಮ್ಮೇಳನ ಈ ಕಸುಬಿನವರನ್ನು ಮುಖಾಮುಖಿಯಾಗಿಸಿತು. ಗೂಗಲ್ ಕಂಪನಿಗೆ ಆಗಿನ್ನೂ ಒಂದು ವರ್ಷ.

ಇಂಥ ಒಡನಾಟದ ಬೆಲೆ ತಿಳಿದದ್ದು 2003ರ ನವೆಂಬರ್‌ನಲ್ಲಿ. ಗೂಗಲ್ ತನ್ನ ನಿಯಮ ಬದಲಿಸಿದಾಗ, ಕ್ರಿಸ್‌ಮಸ್ ವ್ಯಾಪಾರದ ಹೊಸ್ತಿಲಲ್ಲೇ ಅನೇಕ ಸಣ್ಣ ವರ್ತಕರ ತಾಣಗಳು ಮುಂದಿನ ಸಾಲಿನಿಂದ ಮಾಯವಾದವು. ಕಸುಬಿನವರು ಅದಕ್ಕೆ 'ಫ್ಲಾರಿಡಾ' ಎಂದು ಹೆಸರಿಟ್ಟರು. ಒಂಟಿಯಾಗಿದ್ದವನು ತನ್ನ ತಾಣವೇ ಕೆಟ್ಟಿತೆಂದು ಕೊರಗಿದ; ನಾಲ್ವರೊಡನೆ ಮಾತನಾಡಿದವನಿಗೆ ಬದಲಾದದ್ದು ನಿಯಮವೆಂದು ತಿಳಿಯಿತು.

ಆದರೆ ಕೂಟದಲ್ಲಿ ಕೇಳಿದ್ದೆಲ್ಲ ಸತ್ಯವಲ್ಲ. ಒಬ್ಬನ ಊಹೆ ಹತ್ತು ಬಾಯಿ ದಾಟಿದರೆ ನಿಯಮದಂತೆ ತೋರುತ್ತದೆ. ಹೊರಗಿನಿಂದ ಗೂಗಲ್ಲನ್ನು ವಿಶ್ಲೇಷಿಸುತ್ತಿದ್ದ ಸಲಿವನ್ 2017ರಲ್ಲಿ ಅದೇ ಕಂಪನಿ ಸೇರಿ, ಅದರ ಹುಡುಕಾಟದ ಬಗ್ಗೆ ಜನರಿಗೆ ವಿವರಿಸುವ ಹೊಣೆ ಹೊತ್ತರು. ಹಾಗೆಂದು ಗುಟ್ಟೇನೂ ಬಯಲಾಗಲಿಲ್ಲ. ಕೇಳಿದ್ದನ್ನು ತನ್ನ ತಾಣದಲ್ಲಿ ಪರೀಕ್ಷಿಸಿ ನೋಡಿಯೇ ನಂಬುವವನಿಗೆ ಈ ಕಸುಬು ಒಲಿಯುತ್ತದೆ.