ಇಲಿಯ ರಕ್ತನಾಳದ ಒಳಪದರ ಕೋಶಗಳ ಕೃಷಿ: ಒಂದು ಚಾರಿತ್ರಿಕ ಅವಲೋಕನ

ರಕ್ತನಾಳಗಳ ಒಳಮೈಯನ್ನು ಆವರಿಸಿರುವ, ಒಂದೇ ಜೀವಕೋಶದಷ್ಟು ದಪ್ಪದ ಪದರಕ್ಕೆ ‘ಎಂಡೋತೀಲಿಯಮ್’ ಎಂಬ ಹೆಸರನ್ನಿತ್ತವನು ಬಾಸೆಲ್‌ನ ವಿಲ್‌ಹೆಲ್ಮ್ ಹಿಸ್. ಅದು 1865ರ ಮಾತು. ಆ ಪದರದ ಕೋಶಗಳನ್ನು ದೇಹದ ಹೊರಗೆ ವಿಶ್ವಾಸಾರ್ಹವಾಗಿ ಬೆಳೆಸಲು ಮತ್ತೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. 1973ರಲ್ಲಿ ನ್ಯೂಯಾರ್ಕಿನ ಎರಿಕ್ ಜಾಫೆ ಮತ್ತು ಸಂಗಡಿಗರು, ಹೆರಿಗೆಯ ಬಳಿಕ ಎಸೆದುಬಿಡುವ ಹೊಕ್ಕುಳಬಳ್ಳಿಯ ಅಭಿಧಮನಿಯೊಳಗೆ ಕೊಲಾಜಿನೇಸ್ ಕಿಣ್ವವನ್ನು ತುಂಬಿ ಕೋಶಗಳನ್ನು ಬಿಡಿಸಿಕೊಂಡರು. ಅವು ಒಳಪದರದವೇ ಎಂಬುದಕ್ಕೆ, 1964ರಲ್ಲಿ ವೀಬೆಲ್ ಮತ್ತು ಪಲಾಡೆ ವರ್ಣಿಸಿದ್ದ ಕಡ್ಡಿಯಾಕಾರದ ಕಣಗಳು ಸಾಕ್ಷ್ಯವಾದವು.

ಇಲಿಯ ವಿಷಯದಲ್ಲಿ ಈ ಅನುಕೂಲವಿರಲಿಲ್ಲ. 20–30 ಗ್ರಾಂ ತೂಗುವ ಪ್ರಾಣಿಯ ನಾಳಗಳು ಅತಿ ಕಿರಿದು. ಆದಕಾರಣ ಶ್ವಾಸಕೋಶವನ್ನೋ ಹೃದಯವನ್ನೋ ಸಣ್ಣಗೆ ಕತ್ತರಿಸಿ ಕಿಣ್ವದಲ್ಲಿ ಬಿಡಿಬಿಡಿಯಾಗಿಸಬೇಕು. ಆಗ ದೊರೆಯುವುದು ನಾನಾ ಕೋಶಗಳ ಮಿಶ್ರಣ. ಅವುಗಳಲ್ಲಿ ಫೈಬ್ರೋಬ್ಲಾಸ್ಟ್ ಕೋಶಗಳು ಶೀಘ್ರವಾಗಿ ಬೆಳೆದು, ಪೈರನ್ನು ಮೀರಿದ ಕಳೆಯಂತೆ ತಟ್ಟೆಯನ್ನೆಲ್ಲ ವ್ಯಾಪಿಸುತ್ತವೆ. ಪಾಲಿಯೋಮಾ ವೈರಸ್ಸಿನ ಗಂತಿಕಾರಕ ಜೀನನ್ನು ಸೇರಿಸಿ ಪಡೆದ ‘ಬಿಎಂಡ್.3’ ಮೊದಲಾದ ಕೋಶವಂಶಗಳು ಒಂದು ಪರಿಹಾರವಾದವು. ಅವು ಸಾಯದೆ ವಿಭಜಿಸುತ್ತಲೇ ಇರುತ್ತವೆ, ನಿಜ. ಆದರೆ ಸಹಜ ಕೋಶದ ಸ್ವಭಾವ ಅವುಗಳಲ್ಲಿ ಎಷ್ಟು ಉಳಿದಿದೆ ಎಂಬ ಸಂದೇಹ ತಪ್ಪುವುದಿಲ್ಲ.

1989ರ ತರುವಾಯ ನಿರ್ದಿಷ್ಟ ಜೀನನ್ನು ನಿಷ್ಕ್ರಿಯಗೊಳಿಸಿದ ಇಲಿಗಳು ದೊರೆಯತೊಡಗಿದಾಗ ಈ ಸಂದೇಹಕ್ಕೆ ಹೊಸ ತೂಕ ಬಂದಿತು. ಜೀನಿಲ್ಲದ ನಾಳದ ವರ್ತನೆಯನ್ನು ಅರಿಯಬೇಕಾದರೆ ಅದೇ ಇಲಿಯ ಕೋಶಗಳೇ ಬೇಕು. ಕೋಶದ ಮೇಲ್ಮೈಯ ಸಿಡಿ31 ಪ್ರೋಟೀನನ್ನು ಹಿಡಿಯುವ ಪ್ರತಿಕಾಯಗಳನ್ನು ಸೂಕ್ಷ್ಮ ಕಾಂತಮಣಿಗಳಿಗೆ ಲೇಪಿಸಿ, ಅಯಸ್ಕಾಂತದಿಂದ ಬೇಕಾದವನ್ನು ಸೆಳೆದುಕೊಳ್ಳುವ ವಿಧಾನ ಇಲ್ಲಿ ನೆರವಿಗೆ ಬಂದಿತು. ಕೆಲವು ದಿನ ಬೆಳೆಸಿದ ಮೇಲೆ ಐಕ್ಯಾಮ್-2 ಪ್ರೋಟೀನಿನ ಆಧಾರದಿಂದ ಮತ್ತೊಮ್ಮೆ ಆರಿಸುವುದು ರೂಢಿಯಾಯಿತು.

ಇಷ್ಟು ಕಟ್ಟುನಿಟ್ಟೇಕೆ? ಮಾನವ ಕೋಶಗಳ ಒಂದು ಪ್ರಸಂಗ ಉತ್ತರ ನೀಡುತ್ತದೆ. 1990ರಲ್ಲಿ ಹೊಕ್ಕುಳಬಳ್ಳಿಯ ಒಳಪದರದ್ದೆಂದು ವರದಿಯಾಗಿ ಹಲವೆಡೆ ಬಳಕೆಗೆ ಬಂದ ‘ಇಸಿವಿ304’, ವಾಸ್ತವವಾಗಿ ಮೂತ್ರಕೋಶದ ಕ್ಯಾನ್ಸರಿನ ‘ಟಿ24’ ಕೋಶವೆಂದು 1999ರಲ್ಲಿ ಪ್ರಕಟವಾದ ಡಿಎನ್ಎ ಪರೀಕ್ಷೆಯಿಂದ ತಿಳಿದುಬಂದಿತು. ಹಾಸುಗಲ್ಲುಗಳಂತೆ ಒತ್ತಾಗಿ ಕಾಣುವ ರೂಪವೊಂದನ್ನೇ ನಂಬುವಂತಿಲ್ಲ. ಅಸಿಟೈಲೀಕೃತ ಎಲ್‌ಡಿಎಲ್ ಕಣಗಳನ್ನು ಒಳಗೆಳೆದುಕೊಳ್ಳುವ ಗುಣವೂ ಏಕೈಕ ಪ್ರಮಾಣವಾಗದು; ಮ್ಯಾಕ್ರೊಫೇಜ್‌ಗಳೂ ಅದನ್ನು ಮಾಡುತ್ತವೆ. ಸಿಡಿ31 ಸಹ ಕೆಲವು ಬಿಳಿ ರಕ್ತಕಣಗಳಲ್ಲಿದೆ. ಎಂತಲೇ ಹಲವು ಲಕ್ಷಣಗಳನ್ನು ಒಟ್ಟಿಗೆ ಪರಿಶೀಲಿಸುವ ಕ್ರಮ ನೆಲೆಗೊಂಡಿತು. ಹಾಗೆ ಖಚಿತಪಡಿಸಿಕೊಂಡ ಇಲಿಯ ಕೋಶಗಳೂ ತಟ್ಟೆಯಿಂದ ತಟ್ಟೆಗೆ ಕೆಲವು ಬಾರಿ ವರ್ಗಾಯಿಸಿದೊಡನೆ ತಮ್ಮ ಗುಣವನ್ನು ಕಳೆದುಕೊಳ್ಳಬಹುದು. ಆಗ ಮತ್ತೆ ಹೊಸ ಅಂಗಾಂಶದಿಂದಲೇ ಕೆಲಸ ಆರಂಭಿಸಬೇಕು.